ಊರ ಮಾತಿಗೂ ಒಂದು ಕಪಾಟು

ಬೆಳಗಿನ ಹೊತ್ತು ಪಂಚಾಯಿತಿ ಗ್ರಂಥಾಲಯದ ಬಾಗಿಲಲ್ಲಿ ಸ್ವಲ್ಪ ನಿಂತು ನೋಡಿ. ಒಬ್ಬರು ಪೇಪರ್ ಹಿಡಿದು ಗಟ್ಟಿಯಾಗಿ ಓದುತ್ತಿರುತ್ತಾರೆ, ಪಕ್ಕದಲ್ಲಿ ಇಬ್ಬರು ಮೂವರು ಕಿವಿಗೊಟ್ಟು ಕೂತಿರುತ್ತಾರೆ. ಒಬ್ಬರು ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದಾರೆ, ಇನ್ನೊಬ್ಬರಿಗೆ ಅಕ್ಷರವೇ ಬಾರದು. ಹೊಗೆಸೊಪ್ಪಿನ ಹರಾಜಿನ ಸುದ್ದಿ ಬಂತೋ, ಓದು ನಿಂತು ಮಾತು ಶುರುವಾಗುತ್ತದೆ. ಗೋಡೆಯ ಮೇಲೆ ಮಾತ್ರ ‘ನಿಶ್ಶಬ್ದವಾಗಿರಿ’ ಎಂಬ ಫಲಕ ಇದ್ದೇ ಇರುತ್ತದೆ. ನನಗೆ ಗ್ರಂಥಾಲಯದ ಜೀವ ಕಾಣುವುದು ಓದು ನಿಂತು ಮಾತು ಹುಟ್ಟುವ ಆ ಗಳಿಗೆಯಲ್ಲಿ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಗ್ರಾಮ ಪಂಚಾಯಿತಿಗಳಲ್ಲಿ ಈಗ ಈ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂದು ಹೆಸರು. ಇವುಗಳ ಬೇರು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಲ್ಲಿದೆ. ನಾವು ಕಟ್ಟುವ ಮನೆ ಕಂದಾಯದ ಜೊತೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರವೂ ಸೇರಿರುತ್ತದೆ. ಗ್ರಂಥಾಲಯ ನಮ್ಮದು ಎನ್ನುವುದಕ್ಕೆ ಆ ರಸೀದಿಯೇ ಸಾಕ್ಷಿ. ರಾಜ್ಯದ 5,600ಕ್ಕೂ ಹೆಚ್ಚು ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಮರುವರ್ಷ ಕೊರೊನಾ ಬಂದು ಶಾಲೆಗಳಿಗೆ ಬೀಗ ಬಿದ್ದಾಗ, ನವೆಂಬರ್‌ನಲ್ಲಿ ‘ಓದುವ ಬೆಳಕು’ ಎಂಬ ಅಭಿಯಾನ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಅದರ ಬೆನ್ನಿಗೇ ಮನೆಮನೆಯಿಂದ ಪುಸ್ತಕ ಕೂಡಿಸುವ ‘ಪುಸ್ತಕ ಜೋಳಿಗೆ’ ಬಂತು. ಹಲವು ಕಡೆ ಕಂಪ್ಯೂಟರ್, ಇಂಟರ್‌ನೆಟ್ ಕೂಡ ಬಂದವು.

ಇಷ್ಟಾದರೂ ಒಂದು ಕೊರತೆ ನನ್ನನ್ನು ಕಾಡುತ್ತದೆ. ಹೊರಗಿನಿಂದ ಪುಸ್ತಕ ಬರುತ್ತದೆ, ಪತ್ರಿಕೆ ಬರುತ್ತದೆ, ಈಗ ಪರದೆಯೂ ಬಂದಿದೆ. ಊರಿನಿಂದ ಒಳಕ್ಕೆ ಏನು ಹೋಗುತ್ತಿದೆ?

ಹೊಗೆಸೊಪ್ಪನ್ನೇ ನೋಡಿ. ವರ್ಜೀನಿಯಾ ತಂಬಾಕಿನ ಸೀಮೆ ಎಂದರೆ ಈ ನಾಲ್ಕು ತಾಲ್ಲೂಕುಗಳೇ ಮೊದಲು ನೆನಪಿಗೆ ಬರುತ್ತವೆ. ಬ್ಯಾರನ್ ಎಂಬ ಬಿಸಿ ಕೋಣೆಯಲ್ಲಿ ಸೊಪ್ಪು ಬೇಯಿಸುವವರು ಹಗಲು ರಾತ್ರಿ ಉರಿಯ ಮುಂದೆ ಕಾವಲಿರಬೇಕು. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಆ ಬಣ್ಣ ನಿಲ್ಲಬೇಕು, ಕೊನೆಗೆ ನಡುವಿನ ದಿಂಡು ಒಣಗಬೇಕು. ಒಂದೊಂದು ಹಂತಕ್ಕೂ ಒಂದೊಂದು ಹದದ ಶಾಖ. ಸ್ವಲ್ಪ ಅವಸರ ಮಾಡಿದರೂ ವರ್ಷದ ದುಡಿಮೆ ಕಪ್ಪಾಗುತ್ತದೆ. ಥರ್ಮಾಮೀಟರ್ ಇದ್ದರೂ ಒಳಗಿನ ಸೊಪ್ಪು ಹೇಗಿದೆ ಎಂದು ವಾಸನೆಯಲ್ಲೇ ಹೇಳುವ ಹಿರಿಯರಿದ್ದಾರೆ. ಆ ತಿಳಿವಳಿಕೆ ಯಾವ ಕಪಾಟಿನಲ್ಲಿದೆ? ತಂಬಾಕು ಕಡಿಮೆ ಮಾಡುವ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲೇ ಅನುಮೋದಿಸಿದೆ. ಸೊಪ್ಪು ಬಿಟ್ಟರೆ ಮುಂದೇನು ಎಂಬುದು ಇಲ್ಲಿ ಮನೆಮನೆಯ ಚಿಂತೆ. ಅದು ಟೀ ಅಂಗಡಿಯಲ್ಲಿ ಹುಟ್ಟಿ ಅಲ್ಲೇ ಕರಗಿಹೋಗುತ್ತಿದೆ. ಅರಿವು ಕೇಂದ್ರದಲ್ಲಿ ತಿಂಗಳಿಗೊಂದು ಸಂಜೆ ಬೆಳೆಗಾರರು ಕೂತು ಈ ಮಾತಾಡಲಿ. ಬೇರೆ ಬೆಳೆ ಹಾಕಿ ನೋಡಿದವರು ತಮ್ಮ ಲೆಕ್ಕ ಮುಂದಿಡಲಿ. ಕಾಲೇಜಿನ ಹುಡುಗಿಯೊಬ್ಬಳು ಅದನ್ನು ಬರೆದಿಡಲಿ. ಮುಂದಿನ ವರ್ಷ ಸಸಿ ನಾಟುವ ಮುಂಚೆ ಓದುವುದಕ್ಕೆ ಊರಿಗೆ ತನ್ನದೇ ಒಂದು ಪುಸ್ತಕ ಇರುತ್ತದೆ.

ಮಾತು ಪುಸ್ತಕವಾಗುವುದು ಮೈಸೂರು ಸೀಮೆಗೆ ಹೊಸದಲ್ಲ. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮೇಷ್ಟ್ರುಗಳು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಟ್ಟರು. ಆ ಮಾತುಗಳೇ ‘ಪ್ರಚಾರೋಪನ್ಯಾಸ’ ಮಾಲೆಯ ಪುಟ್ಟ ಪುಸ್ತಕಗಳಾದವು. ಮುಂದಿನ ದಶಕದಲ್ಲಿ ವಯಸ್ಕರ ಶಿಕ್ಷಣ ಸಮಿತಿ ಹೊಸದಾಗಿ ಅಕ್ಷರ ಕಲಿತವರಿಗೆಂದೇ ‘ಬೆಳಕು’ ಪತ್ರಿಕೆ ತಂದಿತು. ಆಗ ಮಾತು ಪಟ್ಟಣದಿಂದ ಹಳ್ಳಿಗೆ ಹರಿಯಿತು. ಈಗ ಹಳ್ಳಿ ಮಾತಾಡಬೇಕು. ಅದಕ್ಕೆ ಬೇಕಾದ ಸಲಕರಣೆ ಎಲ್ಲರ ಜೇಬಿನಲ್ಲೂ ಇದೆ.

ಎಚ್.ಡಿ. ಕೋಟೆಯ ಕಡೆಗೆ ಹೋದರೆ ಈ ಕೆಲಸಕ್ಕೆ ಇನ್ನಷ್ಟು ಅವಸರವಿದೆ. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿಯ ಹಿನ್ನೀರು ಆ ಜಾಗವನ್ನು ನುಂಗಿತು. ಅಂದು ಅಪ್ಪನ ಹೆಗಲ ಮೇಲೆ ಕೂತು ಆನೆ ಹಿಡಿಯುವುದನ್ನು ನೋಡಿದ ಮಕ್ಕಳು ಇಂದು ಅರವತ್ತರ ಆಸುಪಾಸಿನಲ್ಲಿದ್ದಾರೆ. ಇದೇ ಕಾಡಿನ ಬುಡಕಟ್ಟಾದ ಜೇನುಕುರುಬರ ನುಡಿಗೆ ತನ್ನದೇ ಲಿಪಿಯಿಲ್ಲ. ಯಾವ ಮರದಲ್ಲಿ ಯಾವ ಜೇನು, ಯಾವ ತಿಂಗಳಲ್ಲಿ ಯಾವ ಗೆಡ್ಡೆ ಎಂಬುದೆಲ್ಲ ಬಾಯಿಂದ ಬಾಯಿಗೆ ಬಂದದ್ದು. ಕಾಡಿನಿಂದ ಹೊರಬಂದ ಹಾಡಿಗಳಲ್ಲಿ, ಅಂದರೆ ಅವರ ಊರುಗಳಲ್ಲಿ, ಅದನ್ನು ಕೇಳಿಸಿಕೊಳ್ಳುವ ಕಿವಿಗಳು ಕಡಿಮೆಯಾಗುತ್ತಿವೆ. ಡೆನ್ಮಾರ್ಕಿನಲ್ಲಿ 2000ನೇ ಇಸವಿಯಲ್ಲಿ ‘ಮಾನವ ಗ್ರಂಥಾಲಯ’ ಎಂಬ ಪ್ರಯೋಗ ಶುರುವಾಯಿತು. ಅಲ್ಲಿ ಪುಸ್ತಕದ ಬದಲು ಒಬ್ಬ ಮನುಷ್ಯನನ್ನು ಎರವಲು ಪಡೆದು, ಎದುರು ಕೂತು ಅವನ ಬದುಕನ್ನು ಕೇಳಬಹುದು. ನಮ್ಮ ಹಾಡಿಯ ಜಗಲಿಯಲ್ಲಿ ಅಂಥ ಪುಸ್ತಕಗಳು ದಿನವೂ ಬಿಸಿಲು ಕಾಯಿಸುತ್ತ ಕೂತಿವೆ.

ದಾರಿ ತೋರಿಸಲು ಹತ್ತಿರದಲ್ಲೇ ಒಂದು ನಿದರ್ಶನವಿದೆ. 1984ರಲ್ಲಿ ಹುಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನಲ್ಲಿ ‘ಜನಧ್ವನಿ’ ಎಂಬ ಸಮುದಾಯ ಬಾನುಲಿ ಕಟ್ಟಿತು. ಆವರ್ತನ 90.8 ಮೆಗಾಹರ್ಟ್ಸ್. ಸ್ವಯಂಸೇವಾ ಸಂಸ್ಥೆಗಳೂ ಇಂಥ ಬಾನುಲಿ ನಡೆಸಬಹುದೆಂದು ಕೇಂದ್ರ ಸರ್ಕಾರ ಒಪ್ಪಿದ್ದು 2006ರಲ್ಲಿ. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಆ ಊರಿನವರೇ ಮಾಡಿದ್ದಾಗಿರಬೇಕು ಎಂಬುದು ನಿಯಮ. ಬಾನುಲಿಯ ಮಾತು ಗಾಳಿಯಲ್ಲಿ ಹೋಗುತ್ತದೆ, ಗ್ರಂಥಾಲಯದ ಕೆಲಸ ಅದನ್ನು ಹಿಡಿದಿಡುವುದು. ಇವೆರಡೂ ಕೈ ಹಿಡಿದರೆ ಎಷ್ಟು ಚೆನ್ನ!

ಧ್ವನಿ ಹಿಡಿಯುವುದು ಕಷ್ಟವಲ್ಲ, ತಾಳ್ಮೆ ಬೇಕು ಅಷ್ಟೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲಿನ ಮೇಲೆ, ಮಾತಾಡುವವರ ಹತ್ತಿರ ಇಡಿ. ಮೊದಲು ದಿನಾಂಕ, ಊರು, ಹೆಸರು ಹೇಳಿಸಿ. ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ. ತಾತ ಸುಮ್ಮನಾದರೆ ನೀವೂ ಸುಮ್ಮನಿರಿ, ಒಳ್ಳೆಯ ಮಾತು ಬಹಳ ಸಲ ಆ ಮೌನ ಕಳೆದ ಮೇಲೆಯೇ ಬರುತ್ತದೆ. ಮುಗಿದ ಮೇಲೆ ಅಲ್ಲೇ ಕೇಳಿಸಿ, “ತಾತ, ಇದನ್ನ ಇಟ್ಕಳ್ಳಾನಾ? ಎಲ್ರೂ ಕೇಳ್ಬೌದಾ, ಊರವ್ರು ಮಾತ್ರಾನಾ?” ಎಂದು ಕೇಳಿ. ಬೇಡ ಎಂದರೆ ಅಳಿಸಿಬಿಡಿ. ಮದ್ದಿನ ಬೇರಿನ ಗುಟ್ಟು, ದೇವರ ಹಾಡು ಹಾಡಿಯ ಸ್ವತ್ತು. ಅವನ್ನು ಕೇಳದೆ ಜಗತ್ತಿಗೆ ಹಂಚುವ ಹಕ್ಕು ಯಾರಿಗೂ ಇಲ್ಲ.

ಹಂಚಬಹುದಾದದ್ದಕ್ಕೆ ತಾವು ಬೇಕಾದಷ್ಟಿದೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಗೆ ಒಪ್ಪಿಸಿತು. ಅದನ್ನು ಕನ್ನಡ ವಿಕಿಸೋರ್ಸಿಗೆ ಏರಿಸಲು ಸ್ವಯಂಸೇವಕರು ಕೈಜೋಡಿಸಿದರು. ಅರಿವು ಕೇಂದ್ರದ ಕಂಪ್ಯೂಟರಿನ ಮುಂದೆ ಕೂತ ಹೈಸ್ಕೂಲು ಮಕ್ಕಳು ವಿಕಿಪೀಡಿಯಾದಲ್ಲಿ ತಮ್ಮ ಊರಿನ ಪುಟ ತೆರೆದು ನೋಡಲಿ. ಚುಂಚನಕಟ್ಟೆಯ ಮಕ್ಕಳು ತಮ್ಮೂರಿನ ಧನುಷ್ಕೋಟಿಯ ಬಗ್ಗೆ, ವೀರನಹೊಸಹಳ್ಳಿಯ ಮಕ್ಕಳು ದಸರಾ ಆನೆಗಳ ಗಜಪಯಣದ ಬಗ್ಗೆ ಬರೆಯಲಿ.

ಎಲ್ಲವನ್ನೂ ಗ್ರಂಥಾಲಯದ ಮೇಲ್ವಿಚಾರಕರ ತಲೆಗೆ ಕಟ್ಟಬಾರದು. ಬೀಗ ತೆಗೆಯುವುದರಿಂದ ಕಸ ಗುಡಿಸುವವರೆಗೆ ಬಹಳ ಕಡೆ ಒಬ್ಬರೇ ಇರುತ್ತಾರೆ. ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಅಕ್ಕಂದಿರು ವಾರಕ್ಕೊಂದು ಗಂಟೆ ಕೊಟ್ಟರೂ ಕೆಲಸ ಸಾಗುತ್ತದೆ. ಕಾಡಂಚಿನಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂಬ ಮಾತೂ ನಿಜ. ಆದರೆ ಧ್ವನಿ ಹಿಡಿಯಲು ಸಿಗ್ನಲ್ ಬೇಡ, ಮೆಮೊರಿ ಕಾರ್ಡ್ ಇದ್ದರೆ ಸಾಕು.

ಮೇಲ್ವಿಚಾರಕರ ಮೇಜಿನ ಮೇಲೆ ಉದ್ದನೆಯ ಪುಸ್ತಕ ದಾಖಲಾತಿ ರಿಜಿಸ್ಟರ್ ಒಂದಿರುತ್ತದೆ. ಕ್ರಮಸಂಖ್ಯೆ, ದಿನಾಂಕ, ಲೇಖಕರು, ಶೀರ್ಷಿಕೆ, ಪ್ರಕಾಶಕರು, ಬೆಲೆ ಎಂದು ಅಂಕಣಗಳು. ಕುವೆಂಪು, ಕಾರಂತರ ಹೆಸರಿನ ಕೆಳಗೆ, ಅದೇ ಶಾಯಿಯಲ್ಲಿ, ಮುಂದಿನ ಕ್ರಮಸಂಖ್ಯೆ ಬರೆಯಬೇಕು. ಲೇಖಕರ ಅಂಕಣದಲ್ಲಿ ಹಾಡಿಯ ಅಜ್ಜಿಯೊಬ್ಬರ ಹೆಸರು. ಶೀರ್ಷಿಕೆ, ಜೇನು ಕೀಳುವಾಗ ಹಾಡುವ ಹಾಡು. ಪ್ರಕಾಶಕರ ಅಂಕಣದಲ್ಲಿ ಹಾಡಿಯ ಹೆಸರು.