ಗಣಕಯಂತ್ರಕ್ಕೆ ಅಕ್ಷರಾಭ್ಯಾಸ

ಗಣಕಯಂತ್ರದ ವಿಷಯವೆಂದೊಡನೆ ನಮ್ಮ ಕಲಾವಿಭಾಗದ ಮಿತ್ರರು ‘ಇದು ನಮಗೆ ಸಂಬಂಧಿಸಿದ್ದಲ್ಲ’ ಎಂದು ಹಾಳೆ ಮಗುಚುವುದುಂಟು. ಈ ಸಲ ಹಾಗೆ ಮಾಡಬಾರದೆಂದು ನನ್ನ ವಿನಂತಿ. ಅಕ್ಷರವೆಂದರೆ ಯಾವುದು, ಅಕ್ಷರಗಳ ಕ್ರಮವೇನು, ಒಂದು ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂಬ ಪ್ರಶ್ನೆಗಳು ಈ ಲೇಖನದಲ್ಲಿ ಬರುತ್ತವೆ. ಕೇಶಿರಾಜನು 13ನೆಯ ಶತಮಾನದಲ್ಲಿ ಇಂತಹ ವರ್ಣವಿಚಾರವನ್ನೇ ಮಾಡಿದನು. ಇಂದು ಅದನ್ನು ಯಂತ್ರದೊಳಗೆ ಮತ್ತೆ ಮಾಡಬೇಕಾಗಿದೆ.

ಖಾನಾಪುರ ತಾಲೂಕಿನ ಊರುಗಳ ಹೆಸರುಗಳನ್ನು ಪಟ್ಟಿಮಾಡಿ, ‘ಕೊಪ್ಪ’, ‘ವಾಡ’, ‘ಹಟ್ಟಿ’ ಎಂದು ಮುಗಿಯುವ ಹೆಸರುಗಳನ್ನು ಬೇರೆ ಬೇರೆ ಮಾಡಿ ನೋಡಬೇಕೆಂದು ನನಗೆ ಆಸೆ. ಸ್ಥಳನಾಮಗಳ ಅಧ್ಯಯನಕ್ಕೆ ಇದು ಮೊದಲ ಮೆಟ್ಟಿಲು. ಕೈಯಿಂದ ಮಾಡಿದರೆ ತಿಂಗಳು ಹಿಡಿಯುವ ಕೆಲಸವನ್ನು ಗಣಕವು ಕ್ಷಣದಲ್ಲಿ ಮಾಡುತ್ತದೆ. ಆದರೆ ಅದಕ್ಕೆ ಆಜ್ಞೆಗಳನ್ನು ಬರೆದುಕೊಡಲು ಒಂದು ಭಾಷೆ ಬೇಕು. ಇಂತಹ ಚಿಕ್ಕ ಕೆಲಸಗಳಿಗೆ ಅನುಕೂಲವಾದವು ಸ್ಕ್ರಿಪ್ಟಿಂಗ್ ಭಾಷೆಗಳು. ಇವುಗಳಲ್ಲಿ ಬರೆದ ಆಜ್ಞೆಗಳನ್ನು ವ್ಯಾಖ್ಯಾನಕಾರನೆಂಬ ಒಂದು ತಂತ್ರಾಂಶವು ಆಗಿಂದಾಗಲೇ ಓದಿಕೊಂಡು ನಡೆಸುತ್ತದೆ. ನಾನು ಆರಿಸಿಕೊಂಡದ್ದು ‘ಲೂಆ’ ಎಂಬ ಭಾಷೆ.

ಲೂಆ ಹುಟ್ಟಿದ್ದು 1993ರಲ್ಲಿ, ಬ್ರೆಜಿಲ್ ದೇಶದ ರಿಯೋ ನಗರದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ. ರೋಬರ್ಟೋ ಎರುಸಾಲಿಮ್ಸ್ಕಿ, ಲೂಯಿಸ್ ಹೆನ್ರಿಕ್ ದೆ ಫಿಗೆರೆಡೊ, ವಾಲ್ಡೆಮಾರ್ ಸೆಲೆಸ್ ಎಂಬ ಮೂವರು ಅದರ ನಿರ್ಮಾಪಕರು. 1977ರಿಂದ 1992ರ ವರೆಗೆ ಬ್ರೆಜಿಲ್ ಸರಕಾರವು ಪರದೇಶದ ಗಣಕಯಂತ್ರ ಮತ್ತು ತಂತ್ರಾಂಶಗಳ ಆಮದಿಗೆ ಬಿಗಿಯಾದ ನಿರ್ಬಂಧ ಹಾಕಿತ್ತು. ಬೇಕಾದುದನ್ನು ತಾವೇ ಕಟ್ಟಿಕೊಳ್ಳುವ ಅಭ್ಯಾಸ ಅಲ್ಲಿಯ ವಿದ್ವಾಂಸರಿಗೆ ಅನಿವಾರ್ಯವಾಗಿ ಬಂದಿತು. ಅಲ್ಲಿಯ ತೈಲಸಂಸ್ಥೆಯಾದ ಪೆಟ್ರೋಬ್ರಾಸಿನ ಇಂಜಿನಿಯರರ ಸಲುವಾಗಿ ಅವರು ಮೊದಲು ರಚಿಸಿದ ಎರಡು ಚಿಕ್ಕ ಭಾಷೆಗಳಲ್ಲಿ ಒಂದರ ಹೆಸರು ‘ಸೋಲ್’. ಪೋರ್ಚುಗೀಸಿನಲ್ಲಿ ಅದಕ್ಕೆ ಸೂರ್ಯನೆಂಬ ಅರ್ಥವೂ ಉಂಟು. ಅದರ ಬಳಿಕ ಬಂದ ಭಾಷೆಗೆ ಚಂದ್ರನೆಂಬ ಅರ್ಥದ ‘ಲೂಆ’ ಹೆಸರು ಬಿದ್ದಿತು. ಈ ಚಂದ್ರನ ಬೆಳಕು ಕನ್ನಡಕ್ಕೂ ಬಿದ್ದಿದೆ. 2013ರಿಂದ ವಿಕಿಪೀಡಿಯದ ಪುಟಗಳಲ್ಲಿ ಮಾಹಿತಿಚೌಕಟ್ಟು ಮೊದಲಾದವುಗಳನ್ನು ನಡೆಸಲು ಲೂಆ ಬಳಕೆಯಲ್ಲಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಅದಕ್ಕೆ ಹೊರತಲ್ಲ.

ಲೂಆದ ಮೂಲಪಾಠವು ಎಲ್ಲರಿಗೂ ಉಚಿತ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. 2020ರಲ್ಲಿ ಹೊರಬಂದ 5.4ನೆಯ ಆವೃತ್ತಿಯನ್ನು ನಾನು ತೆಗೆದುಕೊಂಡೆನು. ಅದರಲ್ಲಿ ಸಿ ಭಾಷೆಯ ಸುಮಾರು 30,000 ಸಾಲುಗಳಿವೆ. ಮುದುಡಿಸಿದ ಕಟ್ಟು ಒಂದು ಸಾಧಾರಣ ಛಾಯಾಚಿತ್ರಕ್ಕಿಂತ ಚಿಕ್ಕದು.

ಈ ಮೂಲಪಾಠವನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರುವುದಕ್ಕೆ ‘ಕಟ್ಟುವುದು’ ಎನ್ನುತ್ತಾರೆ. ಕಂಪೈಲರ್ ಎಂಬ ಅನುವಾದಕನು ಮೂವತ್ತಕ್ಕೂ ಹೆಚ್ಚು ಸಿ ಫೈಲುಗಳನ್ನು ಒಂದೊಂದಾಗಿ ಯಂತ್ರಭಾಷೆಗೆ ತಿರುಗಿಸುತ್ತಾನೆ. ಬಳಿಕ ಲಿಂಕರ್ ಎಂಬುವನು ಆ ತುಂಡುಗಳನ್ನೆಲ್ಲ ಹೊಲಿದು ಒಂದು ವ್ಯಾಖ್ಯಾನಕಾರನನ್ನು ಸಿದ್ಧಪಡಿಸುತ್ತಾನೆ. ಯಾವ ಫೈಲಿನ ನಂತರ ಯಾವುದು ಎಂಬ ಅನುಕ್ರಮವನ್ನು ‘ಮೇಕ್’ ಎಂಬ ಮೇಸ್ತ್ರಿಯು ನೋಡಿಕೊಳ್ಳುತ್ತಾನೆ. ಖಾನಾಪುರದ ಮನೆಯಲ್ಲಿರುವ ಹಳೆಯ ಮೇಜಿನ ಗಣಕದಲ್ಲಿ ಲಿನಕ್ಸ್ ಇದೆ. ಅದರಲ್ಲಿ ಈ ಇಡಿಯ ಕೆಲಸಕ್ಕೆ ಒಂದು ಲೋಟ ಚಹ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

ಕಟ್ಟಿದ ಮೇಲೆ ‘ಅಂಕ = 35’ ಎಂದು ಒಂದು ಸಾಲು ಬರೆದು ಕೊಟ್ಟೆನು. ‘224ರ ಹತ್ತಿರ ಅನಿರೀಕ್ಷಿತ ಚಿಹ್ನೆ’ ಎಂಬ ಅರ್ಥದ ಇಂಗ್ಲಿಷ್ ದೂರು ಬಂದಿತು. ಈ 224 ಎಂಬುದು ಏನು?

ಗಣಕವು ಸಂಖ್ಯೆಗಳನ್ನು ಮಾತ್ರ ಬಲ್ಲದು. ಜಗತ್ತಿನ ಲಿಪಿಗಳ ಒಂದೊಂದು ಚಿಹ್ನೆಗೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿದ ಪಟ್ಟಿಗೆ ಯೂನಿಕೋಡ್ ಎಂದು ಹೆಸರು. 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಅದರಲ್ಲಿ 128 ಸ್ಥಾನಗಳ ಒಂದು ಓಣಿ ಇದೆ. ಈ ಸಂಖ್ಯೆಗಳನ್ನು ಫೈಲಿನಲ್ಲಿ ಬರೆಯುವ ಒಂದು ರೀತಿ ಯುಟಿಎಫ್-8. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಅದನ್ನು 1992ರಲ್ಲಿ ರೂಪಿಸಿದರು. ಇದರಂತೆ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಒಂದು ಚಿಹ್ನೆಗೆ ಮೂರು ಬೈಟುಗಳು ಬೇಕು. ‘ಕ’ ಎಂಬುದು 224, 178, 149. ಮರಾಠಿಯಲ್ಲಿ ಬಳಸುವ ದೇವನಾಗರಿಯ ‘ಕ’ 224, 164, 149. ಮೊದಲನೆಯದೂ ಕೊನೆಯದೂ ಒಂದೇ, ನಡುವಿನದು ಮಾತ್ರ ಬೇರೆ! ಭಾರತದ ಲಿಪಿಗಳಿಗಾಗಿ ನಮ್ಮ ದೇಶದಲ್ಲಿ ಮೊದಲು ಸಿದ್ಧವಾದ ‘ಇಸ್ಕಿ’ ಎಂಬ ಪಟ್ಟಿಯು ಎಲ್ಲ ಲಿಪಿಗಳನ್ನೂ ಒಂದೇ ಅಚ್ಚಿನಲ್ಲಿ ಜೋಡಿಸಿತ್ತು. ಯೂನಿಕೋಡ್ ಆ ಅಚ್ಚನ್ನೇ ಅನುಸರಿಸಿದುದರಿಂದ ಈ ಹೋಲಿಕೆ ಉಳಿದುಬಂದಿದೆ.

ಅಂದಮೇಲೆ 224 ಎಂಬುದು ಪ್ರತಿಯೊಂದು ಕನ್ನಡ ಅಕ್ಷರದ ಹೊಸ್ತಿಲು. ಲೂಆ ಆ ಹೊಸ್ತಿಲಿನಲ್ಲಿಯೇ ಕನ್ನಡವನ್ನು ತಡೆದು ನಿಲ್ಲಿಸಿತ್ತು. ಉದ್ಧರಣ ಚಿಹ್ನೆಗಳ ಒಳಗೆ ಕನ್ನಡವಿದ್ದರೆ ಅದಕ್ಕೆ ಅಡ್ಡಿಯಿಲ್ಲ. ಆದರೆ ಹೆಸರಿಡಲು ಇಂಗ್ಲಿಷಿನ 26 ಅಕ್ಷರಗಳು, ಅಂಕೆಗಳು, ಒಂದು ಅಡಿಗೆರೆ, ಇಷ್ಟಕ್ಕೇ ಅನುಮತಿ.

ತಡೆಯುತ್ತಿರುವವರು ಯಾರೆಂದು ಮೂಲಪಾಠದಲ್ಲಿ ಹುಡುಕಬಹುದು. ಅಕ್ಷರಗಳ ವರ್ಗೀಕರಣಕ್ಕಾಗಿಯೇ ಒಂದು ಚಿಕ್ಕ ಫೈಲು ಇದೆ. ಅದರಲ್ಲಿ 0ಯಿಂದ 255ರ ವರೆಗಿನ ಪ್ರತಿಯೊಂದು ಬೈಟು ಅಕ್ಷರವೋ, ಅಂಕೆಯೋ, ಬರಿಯ ಚಿಹ್ನೆಯೋ ಎಂಬ ಕೋಷ್ಟಕವಿದೆ. ಇಂಗ್ಲಿಷಿನವಲ್ಲದ ಬೈಟುಗಳಿಗೆ ‘ಏನೂ ಅಲ್ಲ’ ಎಂಬ ಗುರುತು. ಆದರೆ ಅದರ ಮೇಲ್ಗಡೆಯೇ ನಿರ್ಮಾಪಕರು ಒಂದು ಐಚ್ಛಿಕ ಏರ್ಪಾಡನ್ನೂ ಬರೆದಿಟ್ಟಿದ್ದಾರೆ. ಕಟ್ಟುವ ಸಮಯದಲ್ಲಿ ‘ಲೂಆ ಯುಸಿಐಡಿ’ ಎಂಬ ಹೆಸರನ್ನು ಕಂಪೈಲರಿಗೆ ಘೋಷಿಸಿದರೆ ಆ ಬೈಟುಗಳಿಗೆಲ್ಲ ಅಕ್ಷರದ ಪದವಿ ಬರುತ್ತದೆ. ಹಾಗೆ ಘೋಷಿಸಿ ಮತ್ತೆ ಕಟ್ಟಿದೆನು. ‘ಅಂಕ = 35’ ಎಂಬುದು ತಕರಾರಿಲ್ಲದೆ ಒಳಗೆ ಹೋಯಿತು. ಹೊಸ್ತಿಲು ಸಮಾನವಾದ್ದರಿಂದ ಮರಾಠಿ ಹೆಸರುಗಳೂ ಅದೇ ಬಾಗಿಲಿನಿಂದ ಒಳಬಂದವು. ಎರಡೂ ಭಾಷೆಗಳ ವಿದ್ಯಾರ್ಥಿಗಳು ಒಂದೇ ಬೆಂಚಿನಲ್ಲಿ ಕುಳಿತು ಓದುವ ಬೆಳಗಾವಿ, ಖಾನಾಪುರಗಳಿಗೆ ಇದಕ್ಕಿಂತ ಒಪ್ಪುವ ಏರ್ಪಾಡು ಇನ್ನೊಂದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಈ ಆವೃತ್ತಿಯಲ್ಲಿ ಕಾದಿರಿಸಿದ ಪದಗಳು 22. ಅವೆಲ್ಲವೂ ಮತ್ತೊಂದು ಫೈಲಿನಲ್ಲಿ ಸಾಲಾಗಿ ಬರೆದಿವೆ. ಅವುಗಳ ಅನುಕ್ರಮವನ್ನು ಕೆಡಿಸದೆ, ಒಂದೊಂದರ ಸ್ಥಾನದಲ್ಲಿ ಒಂದೊಂದು ಕನ್ನಡ ಪದವನ್ನಿಟ್ಟು ಕಟ್ಟಿದರೆ ಹೀಗೆ ಬರೆಯಬಹುದು:

ಒಂದುವೇಳೆ ಅಂಕ >= 35 ಆದರೆ
ಬರೆ("ತೇರ್ಗಡೆ")
ಇಲ್ಲದಿದ್ದರೆ
ಬರೆ("ಅನುತ್ತೀರ್ಣ")
ಮುಗಿಯಿತು

‘ಬರೆ’ ಎಂಬುದು ಕಾದಿರಿಸಿದ ಪದವಲ್ಲ. ಮುದ್ರಿಸುವ ಕ್ರಿಯೆಗೆ ನಾವಿಟ್ಟ ಎರಡನೆಯ ಹೆಸರು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಾದಿರಿಸಿದ ಪದವು 40 ಬೈಟುಗಳನ್ನು ಮೀರಿದರೆ ಲೂಆ ಅದನ್ನು ಗುರುತಿಸಲಾರದು. ‘ಇಲ್ಲದಿದ್ದರೆ’ ಎಂಬುದರಲ್ಲಿ 11 ಚಿಹ್ನೆಗಳು, ಅಂದರೆ 33 ಬೈಟುಗಳು, ಆದ್ದರಿಂದ ಚಿಂತೆಯಿಲ್ಲ. ‘ಹಾಗಿಲ್ಲದಿದ್ದರೆ’ ಎಂದರೆ 42 ಬೈಟುಗಳಾಗಿ ಕೆಲಸ ಕೆಡುತ್ತದೆ. ಇಂಗ್ಲಿಷ್ ಪದಗಳನ್ನು ಅಳೆಯುವ ಕೋಲಿನಿಂದ ಕನ್ನಡವನ್ನು ಅಳೆದರೆ ಹೀಗಾಗುವುದು.

ಒಂದು ಯಂತ್ರದಿಂದ ಬೇರೊಂದು ಬಗೆಯ ಯಂತ್ರಕ್ಕೆ ಭಾಷೆಯನ್ನು ಒಯ್ಯುವುದು ಮುಂದಿನ ಕೆಲಸ. ಲಿನಕ್ಸಿನಲ್ಲಿ ಕಟ್ಟಿದ್ದು ವಿಂಡೋಸಿನಲ್ಲಿ ನಡೆಯದು; ಮೂಲಪಾಠವನ್ನು ಒಯ್ದು ಅಲ್ಲಿಯೇ ಮತ್ತೆ ಕಟ್ಟಬೇಕು. ಬೆಳಗಾವಿಯಲ್ಲಿ ಸ್ನೇಹಿತನ ವಿಂಡೋಸ್ ಗಣಕದಲ್ಲಿ ಮಿಂಗ್‌ಡಬ್ಲ್ಯು ಎಂಬ ಉಚಿತ ಕಂಪೈಲರನ್ನು ಬಳಸಿ ಹಾಗೆ ಮಾಡಿದೆವು. ಲೂಆದ ನಿರ್ಮಾಪಕರು ಎಲ್ಲೆಡೆ ಸಲ್ಲುವ ಸಿ ಭಾಷೆಯನ್ನೇ ಬಳಸಿ, ಯಂತ್ರದಿಂದ ಯಂತ್ರಕ್ಕೆ ಭೇದವಾಗುವ ವಿಷಯಗಳನ್ನು ಕೆಲವೇ ಕಡೆಗಳಲ್ಲಿ ಕೂಡಿಸಿಟ್ಟಿದ್ದಾರೆ. ಆದ್ದರಿಂದ ಕಟ್ಟುವಲ್ಲಿ ತೊಂದರೆಯಾಗಲಿಲ್ಲ. ಕನ್ನಡವನ್ನು ಬಳಸುವಲ್ಲಿ ಮಾತ್ರ ಎರಡು ಎಚ್ಚರಿಕೆಗಳು ಬೇಕು. ಆಜ್ಞೆಯ ಕಿಟಕಿಯು ಯುಟಿಎಫ್-8ನ್ನು ಓದುವಂತೆ ಅದರ ಸಂಕೇತಪುಟವನ್ನು 65001ಕ್ಕೆ ಬದಲಿಸಬೇಕು. ಆಗಲೂ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣಬಹುದು. ಫಲಿತಾಂಶವನ್ನು ಒಂದು ಫೈಲಿಗೆ ಬರೆಯಿಸಿ ನೋಟ್‌ಪ್ಯಾಡಿನಲ್ಲಿ ತೆರೆಯುವುದು ಲೇಸು. ಎರಡನೆಯದಾಗಿ, ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಇಡಬೇಕು. ಲೂಆ ಫೈಲು ತೆರೆಯುವ ಹಳೆಯ ಪದ್ಧತಿಯು ವಿಂಡೋಸಿನಲ್ಲಿ ಯೂನಿಕೋಡಿನ ಬದಲು ಆ ಗಣಕದ ಪ್ರಾದೇಶಿಕ ಸಂಕೇತಪುಟವನ್ನು ನಂಬುತ್ತದೆ. ಲಿನಕ್ಸಿನಲ್ಲಿ ಈ ಎರಡು ತೊಡಕುಗಳೂ ಹುಟ್ಟುವುದಿಲ್ಲ. ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚಾದ ಬರಹವಿದ್ದರೆ ಮೊದಲು ಅದನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಅಂತಹ ಫೈಲು ಕಣ್ಣಿಗೆ ಕನ್ನಡವಾಗಿ ಕಂಡರೂ ಅದರೊಳಗೆ ಇರುವುದು ಇಂಗ್ಲಿಷಿನ ಮತ್ತು ಐರೋಪ್ಯ ಚಿಹ್ನೆಗಳ ಸಂಖ್ಯೆಗಳು.

ಇಷ್ಟಾದ ಮೇಲೆ ಯಂತ್ರಕ್ಕೆ ಕನ್ನಡ ಬಂದಿತೆಂದು ಹೇಳಬಹುದೇ? ಮೂರು ಪರೀಕ್ಷೆಗಳನ್ನು ಮಾಡಿ ನೋಡೋಣ.

‘ಬೆಳಗಾವಿ’ಯಲ್ಲಿ ಎಷ್ಟು ಅಕ್ಷರಗಳು? ನಾವು 4 ಎನ್ನುತ್ತೇವೆ. ಲೂಆದ ಸಾಮಾನ್ಯ ಎಣಿಕೆಯು 21 ಎನ್ನುತ್ತದೆ. ಅದು ಎಣಿಸಿದ್ದು ಬೈಟುಗಳನ್ನು. ಯುಟಿಎಫ್-8ನ್ನು ಬಲ್ಲ ಅದರ ಇನ್ನೊಂದು ಎಣಿಕೆಯು 7 ಎನ್ನುತ್ತದೆ. ಅದಕ್ಕೆ ‘ಬ’ ಬೇರೆ, ಎತ್ವ ಬೇರೆ. ‘ಖಾನಾಪುರ’ಕ್ಕೂ ಇದೇ ಮೂರು ಉತ್ತರಗಳು. ಛಂದಸ್ಸಿನ ವಿದ್ಯಾರ್ಥಿಗೆ ಮಾತ್ರೆಗಣವನ್ನು ಎಣಿಸಬೇಕಾದರೆ ಈ ಎರಡು ಯಂತ್ರೋತ್ತರಗಳಲ್ಲಿ ಒಂದೂ ಸಾಲದು. ವ್ಯಂಜನ, ವಿರಾಮ, ಸ್ವರಚಿಹ್ನೆಗಳನ್ನು ಕೂಡಿಸಿ ಒಂದು ಅಕ್ಷರವಾಗಿ ಎಣಿಸುವ ಸೂತ್ರವನ್ನು ನಾವೇ ಬರೆದುಕೊಡಬೇಕು.

ಎರಡನೆಯದು ಅಕಾರಾದಿ ಕ್ರಮ. ಹಲಸಿ, ಹಸು, ಹಳ್ಳಿ ಎಂಬುದು ನಮ್ಮ ಕ್ರಮ. ಏಕೆಂದರೆ ವರ್ಣಮಾಲೆಯಲ್ಲಿ ‘ಳ’ವು ‘ಹ’ದ ನಂತರ ಬರುತ್ತದೆ. ಯಂತ್ರವು ಹಲಸಿ, ಹಳ್ಳಿ, ಹಸು ಎಂದು ಜೋಡಿಸುತ್ತದೆ. ಏಕೆಂದರೆ ಯೂನಿಕೋಡಿನಲ್ಲಿ ‘ಳ’ವು ‘ಲ’ದ ಪಕ್ಕದಲ್ಲಿ, ‘ವ’ಕ್ಕಿಂತ ಮೊದಲು ಕುಳಿತಿದೆ. ಮರಾಠಿ ವರ್ಣಮಾಲೆಯಲ್ಲಿಯೂ ‘ಳ’ದ ಸ್ಥಾನ ‘ಹ’ದ ನಂತರವೇ, ಆದ್ದರಿಂದ ಈ ತೊಡಕು ಎರಡೂ ಭಾಷೆಗಳಿಗೆ ಸಮಾನ. ಪರಿಹಾರವು ಸುಲಭವಾಗಿದೆ. ಕನ್ನಡದ ಓಣಿಯಲ್ಲಿ ‘ಹ’ದ ಪಕ್ಕದ ಮನೆ ಖಾಲಿ ಇದೆ. ಹೋಲಿಸುವ ಕ್ಷಣದಲ್ಲಿ ಮಾತ್ರ ‘ಳ’ವನ್ನು ಆ ಮನೆಗೆ ಕಳುಹಿಸಿದರೆ ಊರುಗಳ ಪಟ್ಟಿಯು ಸರಿಯಾಗಿ ಜೋಡಣೆಯಾಗುತ್ತದೆ. ಇದಕ್ಕೆ ನಾಲ್ಕಾರು ಸಾಲುಗಳ ಲೂಆ ಸಾಕು.

ಮೂರನೆಯದು ಅಂಕೆಗಳು. ‘ಅಂಕ = ೩೫’ ಎಂದು ಬರೆದರೆ ದೂರು ಬರುವುದಿಲ್ಲ; ಆದರೆ ಅಂಕದ ಬೆಲೆ ಶೂನ್ಯವೂ ಆಗದೆ ‘ಏನೂ ಇಲ್ಲ’ ಎಂದಾಗುತ್ತದೆ. ಇಂಗ್ಲಿಷಿನವಲ್ಲದ ಎಲ್ಲವನ್ನೂ ಒಮ್ಮೆಲೇ ಅಕ್ಷರವೆಂದು ಘೋಷಿಸಿದ್ದರಿಂದ ‘೩೫’ ಎಂಬುದೂ ರಾಮ, ಭೀಮರಂತೆ ಒಂದು ಹೆಸರಾಯಿತು. ಬಾಗಿಲನ್ನು ತೆರೆಯುವುದು ಬೇರೆ, ಒಳಬಂದವರನ್ನು ಗುರುತಿಸುವುದು ಬೇರೆ.

ಈ ಮೂರು ಪರೀಕ್ಷೆಗಳಲ್ಲಿ ಯಂತ್ರವು ತೊಡಕಿದ್ದು ಕನ್ನಡದ ಜ್ಞಾನದಲ್ಲಿ, ಗಣಿತದಲ್ಲಲ್ಲ. ಹಳಗನ್ನಡ ಓದಿದವರಿಗೆ ರುಚಿಸುವ ಇನ್ನೊಂದು ನಿದರ್ಶನವನ್ನು ಹೇಳುತ್ತೇನೆ. ನಮ್ಮ ಹಳೆಯ ‘ೞ’ ಅಕ್ಷರಕ್ಕೂ ಯೂನಿಕೋಡಿನಲ್ಲಿ ಸ್ಥಾನವಿದೆ. ಆದರೆ ಅಲ್ಲಿ ಅದರ ಅಧಿಕೃತ ಹೆಸರು ‘ಕನ್ನಡ ಅಕ್ಷರ ಫ’! ಪಟ್ಟಿಮಾಡುವ ಕಾಲದಲ್ಲಿ ಯಾರೋ ತಪ್ಪಾಗಿ ಬರೆದ ಹೆಸರು ಅದು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅದು ಹಾಗೆಯೇ ಉಳಿದಿದೆ. ತಪ್ಪೆಂಬ ಟಿಪ್ಪಣಿಯನ್ನು ಮಾತ್ರ ಪಕ್ಕದಲ್ಲಿ ಸೇರಿಸಿದ್ದಾರೆ. ಆ ದಿನ ಆ ಮೇಜಿನ ಬಳಿ ಹಳಗನ್ನಡ ಬಲ್ಲವರೊಬ್ಬರಿದ್ದಿದ್ದರೆ ಈ ಪ್ರಮಾದ ತಪ್ಪುತ್ತಿತ್ತು.

1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವು ನಮ್ಮ ಬೆಳಗಾವಿಯಲ್ಲಿಯೇ ಇದೆ. ಯಂತ್ರವನ್ನು ಬಲ್ಲವರಿಗೆ ಈ ಊರಿನಲ್ಲಿ ಕೊರತೆಯಿಲ್ಲ. ಅಕ್ಷರವನ್ನು ಬಲ್ಲವರು ಅವರ ಜೊತೆಗೆ ಕುಳಿತುಕೊಳ್ಳಬೇಕು. ಒಂದು ಭಾಷೆಯ ವ್ಯಾಖ್ಯಾನಕಾರನನ್ನು ಕೈಯಾರೆ ಕಟ್ಟಿ ನೋಡಿದವನಿಗೆ ಒಂದು ಸಂಗತಿ ಮನದಟ್ಟಾಗುತ್ತದೆ. ಯಂತ್ರದೊಳಗಿನ ಪ್ರತಿಯೊಂದು ನಿಯಮವೂ ಯಾರೋ ಒಬ್ಬ ಮನುಷ್ಯನು ಒಂದು ಸಾಲಿನಲ್ಲಿ ಬರೆದ ತೀರ್ಮಾನ. ಮೂಲಪಾಠವು ತೆರೆದಿರುವಲ್ಲಿ ಅದನ್ನು ತಿದ್ದಲು ನಮಗೂ ಅಧಿಕಾರವುಂಟು. ವ್ಯಾಕರಣ, ಛಂದಸ್ಸು, ನಿಘಂಟುಗಳನ್ನು ಓದುವ ನಾವು ಆ ಅಧಿಕಾರವನ್ನು ಬಳಸದಿದ್ದರೆ, ‘ೞ’ಕ್ಕೆ ‘ಫ’ ಎಂದು ಹೆಸರಿಟ್ಟವರೇ ಮುಂದೆಯೂ ನಮ್ಮ ಪರವಾಗಿ ತೀರ್ಮಾನ ಬರೆಯುವರು. ಇಚ್ಛೆಯುಳ್ಳ ಮಿತ್ರರು ಬಂದರೆ ಖಾನಾಪುರದ ಊರುಗಳ ಪಟ್ಟಿಯನ್ನು ಕೂಡಿಯೇ ಮುಂದುವರಿಸೋಣ. ಹಲಸಿ, ನಂದಗಡ, ಕಣಕುಂಬಿಗಳ ಹೆಸರು ಸೇರಿವೆ. ಸೇರಬೇಕಾದವು ಇನ್ನೂ ಬಹಳ ಇವೆ.