ಹಸ್ತಪ್ರತಿಸೂಚಿಯಲ್ಲಿ ನಾಮಕೋಷ್ಟಕಗಳ ರಚನೆ

1970ರಲ್ಲಿ ಇ. ಎಫ್. ಕಾಡ್ ಅವರು ನಿರೂಪಿಸಿದ ಸಂಬಂಧಾತ್ಮಕ ಕ್ರಮದಲ್ಲಿ ಗಣಕಯಂತ್ರದ ಮಾಹಿತಿಯು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿರುತ್ತದೆ. ಕರ್ತೃ, ಸ್ಥಳ, ಲಿಪಿ ಮೊದಲಾಗಿ ಮತ್ತೆ ಮತ್ತೆ ಬರುವ ಪದಗಳನ್ನು ಬೇರೊಂದು ಕೋಷ್ಟಕದಲ್ಲಿ ಒಮ್ಮೆ ಬರೆದು, ಪ್ರತಿಯ ವಿವರದಲ್ಲಿ ಅದರ ಕ್ರಮಾಂಕವನ್ನು ಮಾತ್ರ ನಮೂದಿಸುವರು. ಇದಕ್ಕೆ ಲುಕ್‌ಅಪ್ ಟೇಬಲ್ ಎಂದು ಹೆಸರು. ಇಲ್ಲಿ ನಾಮಕೋಷ್ಟಕವೆಂದು ಕರೆಯಲಾಗಿದೆ.

ಸಂವತ್ಸರಗಳ ಕೋಷ್ಟಕ ಸುಲಭ. ಪ್ರಭವಾದಿಯಾಗಿ ಅವು ಅರವತ್ತೇ. ಲಿಪಿಗೂ ಭಾಷೆಗೂ ಪ್ರತ್ಯೇಕ ಕೋಷ್ಟಕಗಳು ಬೇಕೆಂಬುದನ್ನು ಮೂಡಬಿದಿರೆಯ ಧವಲಾ ಪ್ರತಿಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ: ಭಾಷೆ ಪ್ರಾಕೃತ-ಸಂಸ್ಕೃತಮಿಶ್ರ, ಲಿಪಿ ಹಳಗನ್ನಡ.

ಕಷ್ಟವಿರುವುದು ಸ್ಥಳನಾಮಗಳಲ್ಲಿ. ಹಾಸನ ಜಿಲ್ಲೆಯ ಮಲೆಸೀಮೆಯನ್ನೇ ನೋಡಬಹುದು. ಐಗೂರು ಪಾಳೆಯಗಾರರ ಕಾಲದಲ್ಲಿ ಸಕಲೇಶಪುರದ ಕಡೆಯ ನಾಡಿಗೆ ಬಲಂ ಎಂಬ ಹೆಸರಿತ್ತು. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 5ನೆಯ ಸಂಪುಟದಲ್ಲಿ ಇಲ್ಲಿಯ ಶಾಸನಗಳು ಮಂಜರಾಬಾದ್ ತಾಲ್ಲೂಕಿನವು. ಇಂದು ಮಂಜರಾಬಾದ್ ಎಂದರೆ ಕೋಟೆ. ತಾಲ್ಲೂಕು ಸಕಲೇಶಪುರದ್ದು, ಆಲೂರು ಬೇರೆಯೇ ತಾಲ್ಲೂಕು. ಮಂಜರಾಬಾದ್ ಎಂದು ಹಳೆಯ ಸೂಚಿಯಲ್ಲಿ ನಮೂದಾದ ಓಲೆಪ್ರತಿಯೊಂದು ಸಕಲೇಶಪುರವೆಂದು ಹುಡುಕುವವನಿಗೆ ದೊರೆಯದು. ಸೂಚಿಯಲ್ಲಿದ್ದೂ ಕಳೆದುಹೋದಂತೆಯೇ ಸರಿ.

ಹಾಗೆಂದು ಮಂಜರಾಬಾದನ್ನು ಅಳಿಸಿ ಸಕಲೇಶಪುರವೆಂದು ತಿದ್ದುವುದು ಅದಕ್ಕಿಂತಲೂ ಅನರ್ಥಕಾರಿ. ನಾಡು, ಕೋಟೆ, ತಾಲ್ಲೂಕು, ಪಟ್ಟಣಗಳ ವ್ಯಾಪ್ತಿ ಒಂದೇ ಅಲ್ಲ. ಆದುದರಿಂದ ಸ್ಥಳಕ್ಕೊಂದು ಕೋಷ್ಟಕ, ಹೆಸರುಗಳಿಗೊಂದು ಕೋಷ್ಟಕ ಎಂದು ಎರಡಿರಬೇಕು. ಮೊದಲನೆಯದರಲ್ಲಿ ಅರ್ಥರಹಿತವಾದ ಕ್ರಮಾಂಕ ಮತ್ತು ಸ್ಥಳದ ಸ್ವರೂಪ. ಎರಡನೆಯದರಲ್ಲಿ ಆ ಕ್ರಮಾಂಕಕ್ಕೆ ಸಲ್ಲುವ ಎಲ್ಲ ಹೆಸರುಗಳು, ಅವುಗಳ ಕಾಲ ಮತ್ತು ಆಕರ. ನೆರೆಯ ಮೂಡಿಗೆರೆ ತಾಲ್ಲೂಕಿನ ಅಂಗಡಿಯು ಶಾಸನಗಳಲ್ಲಿ ಸೊಸೆವೂರು, ಸಂಸ್ಕೃತದಲ್ಲಿ ಶಶಕಪುರ. ಮೂರು ಹೆಸರು, ಒಂದೇ ಕ್ರಮಾಂಕ.

ಕರ್ತೃನಾಮಗಳಲ್ಲಿ ತೊಡಕು ಇಮ್ಮಡಿ. ದೇವನಂದಿ, ಪೂಜ್ಯಪಾದ, ಜಿನೇಂದ್ರಬುದ್ಧಿ ಎಂಬವು ಒಬ್ಬ ಆಚಾರ್ಯರ ಹೆಸರುಗಳು, ಪ್ರಭಾಚಂದ್ರರಾದರೋ ಅನೇಕರು. ಹೆಸರನ್ನೇ ಕೀಲಿಯಾಗಿಸಿದರೆ ಒಬ್ಬರು ಮೂವರಾಗುವರು, ಅನೇಕರು ಒಬ್ಬರಾಗುವರು. ಅಭೇದವು ವಿವಾದಾಸ್ಪದವಾಗಿದ್ದಲ್ಲಿ ಬೇರೆ ಬೇರೆ ಕ್ರಮಾಂಕಗಳನ್ನೇ ಇಟ್ಟು, ಅವನ್ನು ಒಂದೆಂದವರ ಅಭಿಪ್ರಾಯವನ್ನು ಬೇರೆಯಾಗಿ ನಮೂದಿಸುವುದು ಲೇಸು. ಒಮ್ಮೆ ಬೆರೆಸಿದುದನ್ನು ಬೇರ್ಪಡಿಸುವುದು ದುಸ್ಸಾಧ್ಯ.

ಲಿಪಿಕಾರನು ಬರೆದ ಪಾಠವು ಮಾತ್ರ ಅಕ್ಷರಶಃ ತನ್ನದೇ ಅಂಕಣದಲ್ಲಿ ಉಳಿಯಬೇಕು. ಇನ್ನೊಂದು ಮಾತು. ಮಲೆನಾಡಿನ ಮಳೆಗೆ, ಹುಳುಗಳಿಗೆ ಕೊನೆಯ ಗರಿಗಳು ಬೇಗ ತುತ್ತಾಗುತ್ತವೆ, ಪ್ರಶಸ್ತಿಯಿರುವುದೂ ಅಲ್ಲಿಯೇ. ‘ಉಲ್ಲೇಖವಿಲ್ಲ’, ‘ಗರಿ ಲುಪ್ತ’, ‘ಓದಲಾಗಿಲ್ಲ’ ಎಂಬ ಮೂರಕ್ಕೂ ಕೋಷ್ಟಕದಲ್ಲಿ ಪ್ರತ್ಯೇಕ ಕ್ರಮಾಂಕಗಳಿರಲಿ. ಬರಿದಾಗಿ ಬಿಟ್ಟ ಮನೆಯು ಈ ಮೂರರಲ್ಲಿ ಯಾವುದೆಂದು ಮುಂದಿನವರಿಗೆ ತಿಳಿಯುವ ಬಗೆಯಿಲ್ಲ.