ಪಟ್ಟಿ ಒತ್ರಿ, ಫೋಟೋ ಬಿಡ್ರಿ

ಫೈಲ್ ಸಣ್ಣದಾದ್ರ, ಒಳಗಿನ ಅಕ್ಷರ ಎಲ್ಲಿ ಹೋಗತಾವು?

ಕಬ್ಬು ಬೆಳೆಗಾರರ ಒಂದು ಪಟ್ಟಿ ಐತಿ ಅನ್ಕೋರಿ.
ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ.
ಐದು ತಾಲೂಕು, ಸಾವಿರಾರು ಸಾಲು.
ಪ್ರತಿ ಸಾಲಿನ ಕಡೀಗೆ ‘ಬೆಳಗಾವಿ ಜಿಲ್ಲೆ’.

ಕಿರಾಣಿ ಅಂಗಡಿ ಉದ್ರಿ ಪುಸ್ತಕ ನೋಡೀರಲ್ಲ?
ಮ್ಯಾಲಿನ ಹೆಸರು ಮತ್ತ ಬಂದ್ರ,
ಕೆಳಗ ಎರಡು ಗೀಟು ಹಾಕ್ತಾರ.
ಫೈಲ್ ಸಣ್ಣದು ಮಾಡೋ ಜಿ-ಜಿಪ್ ಅನ್ನೋ ಪ್ರೋಗ್ರಾಂ ಮಾಡೂದೂ ಅದನ್ನ.
‘ಇಷ್ಟು ಅಕ್ಷರ ಹಿಂದಕ್ಕ ಹೋಗು,
ಇಷ್ಟು ತಗೋ’ ಅಂತ ಗುರುತು ಇಡತೈತಿ.
ಲೆಂಪೆಲ್, ಝಿವ್ ಅನ್ನೋರು 1977ರಾಗ ಕೊಟ್ಟ ಉಪಾಯ.
ಒಂದಕ್ಷರಾನೂ ಕಳಿಯೂದಿಲ್ಲ.

ಈಗ ಟರ್ಮಿನಲ್ ತೆಗೀರಿ.
ಈ ಕಮಾಂಡ್ ಬರೀರಿ: ಟಾರ್, ಮೈನಸ್ ಸಿ ಝಡ್ ಎಫ್,
ಹೊಸ ಫೈಲಿನ ಹೆಸರು, ಆಮ್ಯಾಲ ಫೋಲ್ಡರ್ ಹೆಸರು.
ಸಿ ಅಂದ್ರ ಕಟ್ಟು.
ಝಡ್ ಅಂದ್ರ ಜಿ-ಜಿಪ್‌ಲೆ ಒತ್ತಿ ಸಣ್ಣದು ಮಾಡು.
ಎಫ್ ಆದ ಕೂಡ್ಲೆ ಫೈಲಿನ ಹೆಸರು ಬರಬೇಕು.

ಬಿಚ್ಚಬೇಕಾ? ಸಿ ಬದಲಿ ಎಕ್ಸ್.
ಆದ್ರ ತಡೀರಿ.
ಅದೇ ಹೆಸರಿನ ಹಳೇ ಫೈಲ್ ಅಲ್ಲಿದ್ರ
ಬಿಚ್ಚಿದ್ದು ಅದನ್ನ ಅಳಿಸಿ ಕುಂದರತೈತಿ.
ಮೊದ್ಲು ಎಕ್ಸ್ ಜಾಗಾದಾಗ ಟಿ ಹಾಕ್ರಿ.
ಒಳಗೇನೈತಿ, ಪಟ್ಟಿ ಕಾಣತೈತಿ.

ಫೋಟೋ, ವಿಡಿಯೋ ಮಾತ್ರ ಹೆಚ್ಚೇನೂ ಸಣ್ಣದಾಗೂದಿಲ್ಲ.
ಜೆಪೆಗ್ ಫೋಟೋ ಅಂದ್ರ ಮೊದಲ ಒತ್ತಿಟ್ಟಿದ್ದು.
ಪಟ್ಟಿ ಒತ್ರಿ, ಫೋಟೋ ಹಂಗ ಕಳಸ್ರಿ.